ರಬ್ಬರ್ ಮರವಿಲ್ಲದ ಊರಿನ ರಬ್ಬರ್ ಬೋರಮ್ಮ

ಹೊನ್ನವಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಬೋರಮ್ಮನ ಮನೆ ಯಾವುದು ಎಂದು ಕೇಳಿದರೆ, “ಯಾವ ಬೋರಮ್ಮ?” ಎಂದು ತಿರುಗಿ ನಿಮ್ಮನ್ನೇ ಕೇಳುತ್ತಾರೆ. ಆ ಹೆಸರಿನವರು ಅಲ್ಲಿ ನಾಲ್ಕೈದು ಮಂದಿ ಇದ್ದಾರೆ. ರಬ್ಬರ್ ಬೋರಮ್ಮ ಎಂದರೆ ಮಾತ್ರ ಟೀ ಅಂಗಡಿಯವನು ಕೈಯಲ್ಲಿದ್ದ ಲೋಟ ಕೆಳಗಿಟ್ಟು ಹೊರಗೆ ಬಂದು ದಾರಿ ತೋರಿಸುತ್ತಾನೆ. ಸುತ್ತ ನಾಲ್ಕು ತಾಲ್ಲೂಕು ಅಲೆದರೂ ಒಂದು ರಬ್ಬರ್ ಮರ ಸಿಕ್ಕದ ಸೀಮೆ ಅದು. ಎತ್ತ ನೋಡಿದರೂ ತೆಂಗು. ಅಂಥ ಕಡೆ ಐವತ್ತೆರಡು ವರ್ಷದ ಹೆಂಗಸೊಬ್ಬಳಿಗೆ ಈ ಹೆಸರು ಬಂದದ್ದು 2024ರಲ್ಲಿ, ವಾರವಾರ ಬರುತ್ತಿದ್ದ ಲಾರಿಯೊಂದು ಬಾರದೇ ಹೋದದ್ದರಿಂದ.

ಬೋರಮ್ಮನ ಗಂಡ ದುರ್ಗಯ್ಯ ತೆಂಗಿನ ಮರ ಹತ್ತಿ ಕಾಯಿ ಕೀಳುವವನು. ಮದುವೆಯಾದ ಮೇಲೆ ಇಪ್ಪತ್ತು ವರ್ಷ ಅವಳೂ ಅವನ ಹಿಂದೆ ತೋಟ ತೋಟ ತಿರುಗಿ, ಅವನು ಮೇಲಿಂದ ಕೆಡವಿದ ಕಾಯನ್ನು ಆಯ್ದು ಗುಡ್ಡೆ ಹಾಕಿದವಳು. ಸೊಂಟ ಬಗ್ಗದಂತಾದ ಮೇಲೆ ಸಂಘದ ಹೆಂಗಸರ ಜೊತೆ ತಿಪಟೂರಿಗೆ ಹೋಗಿ ನಾರಿನ ಕೆಲಸ ಕಲಿತು ಬಂದಳು. ಮನೆಯ ಹಿಂದೆ ತಗಡಿನ ಶೆಡ್ಡು ಎದ್ದಿತು; ಹಗ್ಗ ಹೊಸೆಯುವ ಎರಡು ಮೆಷಿನ್ನು ಬಂದವು. ತೆಂಗಿನ ಸಿಪ್ಪೆಯಿಂದ ಬಿಡಿಸಿದ ನಾರಿಗೆ ನೀರು ಚಿಮುಕಿಸಿ, ಹದ ನೋಡಿ, ಹಿಡಿಹಿಡಿಯಾಗಿ ಮೆಷಿನ್ನಿಗೆ ಕೊಡಬೇಕು. ಅದು ಬಿಗಿಯಾಗಿ ಹುರಿಗೊಂಡು ಹೆಬ್ಬೆರಳ ದಪ್ಪದ ಹಗ್ಗವಾಗಿ ಆ ಕಡೆಯಿಂದ ಹೊರಬರುತ್ತದೆ. ಐದು ಜನ ಹೆಂಗಸರು, ವಾರಕ್ಕೊಂದು ಲಾರಿ ಹಗ್ಗ. ಹೀಗೆ ಐದು ವರ್ಷ ನಡೆದಿತ್ತು. ಹಗ್ಗ ಲಾರಿ ಹತ್ತಿದ ಮೇಲೆ ಏನಾಗುತ್ತದೆ ಎಂದು ಯಾರೂ ಕೇಳಿರಲಿಲ್ಲ. ಹಗ್ಗ ಎಂದ ಮೇಲೆ ಯಾರೋ ಏನನ್ನೋ ಕಟ್ಟುತ್ತಾರೆ, ಅಷ್ಟೆ ಎಂದು ಬೋರಮ್ಮ ನಂಬಿದ್ದಳು.

ಆ ವರ್ಷ ಆಷಾಢಕ್ಕೆ ಮೊದಲು ರೇಣುಕಪ್ರಸಾದ್ ಫೋನ್ ಮಾಡಿದ. ಅವನು ತಿಪಟೂರಿನವನು, ಹಾಸಿಗೆ ಮಾಡುವ ಫ್ಯಾಕ್ಟರಿಯೊಂದಕ್ಕೆ ಹಳ್ಳಿಗಳಿಂದ ಹಗ್ಗ ಎತ್ತಿ ಕಳಿಸುತ್ತಿದ್ದ.

“ಬೋರಮ್ಮ, ಈ ವಾರ ಲಾರಿ ಬರಲ್ಲ ಕಣಮ್ಮ.”

“ಯಾಕಣ್ಣ, ಕೆಟ್ಟು ನಿಂತೈತಾ?”

“ಲಾರಿಗೇನಾಗಿಲ್ಲ. ಫ್ಯಾಕ್ಟ್ರಿಯೋರೇ ಹಗ್ಗ ಬ್ಯಾಡ ಅಂದವ್ರೆ. ಮುಂದ್ಲ ವಾರವೂ ಅನುಮಾನ. ರಬ್ಬರ್ ರೇಟು ಮ್ಯಾಕ್ಕೆ ಹೋಗ್ಬುಟ್ಟೈತೆ.”

“ರಬ್ಬರ್ ರೇಟು ಎಲ್ಲಿಗಾದ್ರೂ ಹೋಗ್ಲಿ, ನಮ್ ನಾರಿನ ಹಗ್ಗಕ್ಕೇನಾಗ್ಬೇಕಣ್ಣ?”

ಆ ಕಡೆ ರೇಣುಕಪ್ರಸಾದ್, “ಐದು ವರ್ಷದಿಂದ ಹಗ್ಗ ಹೊಸೀತಿದ್ದೀಯ, ಅದು ಏನಾಯ್ತದೆ ಅಂತ ನಿಂಗೆ ಯಾರೂ ಹೇಳೇ ಇಲ್ವಾ?” ಎಂದ. ಅವನ ದನಿಯಲ್ಲಿ ಹಾಸ್ಯವಿರಲಿಲ್ಲ. ತಾನೇ ಹೇಳಿಲ್ಲವಲ್ಲ ಎಂಬ ಸಂಕೋಚವಿತ್ತು. “ನಾಳೆ ನಾನು ಆ ಕಡೆ ಹೋಯ್ತಾ ಇದ್ದೀನಿ. ಬಾ, ಕಣ್ಣಾರೆ ನೋಡೀವಂತೆ.”

ಫ್ಯಾಕ್ಟರಿ ಇದ್ದದ್ದು ತುಮಕೂರಿನ ಕಡೆ. ಒಳಗೆ ಅವರನ್ನು ಕರೆದೊಯ್ದವಳು ಶಿಲ್ಪ ಎಂಬ ಹೆಣ್ಣುಮಗಳು. ಕೆಮಿಸ್ಟ್ರಿ ಓದಿ ಅಲ್ಲಿ ಕೆಲಸಕ್ಕಿದ್ದಳು. ನಾಲ್ಕು ಸಾಲಿನಲ್ಲಿ ಒಂದೇ ಸಾಲು ಓಡುತ್ತಿತ್ತು. ಅದರ ತುದಿಯಲ್ಲಿ ಬೋರಮ್ಮ ಮೊದಲು ಕಂಡದ್ದು ಹಗ್ಗವನ್ನೇ. ಒಂದು ಯಂತ್ರ ಅದರ ಹುರಿಯನ್ನೆಲ್ಲ ಸರಸರನೆ ಬಿಚ್ಚಿ ಕೆದರುತ್ತಿತ್ತು.

“ಇದ್ಯಾಕೆ ಮೇಡಂ, ನಾವು ಕೈ ಬೊಬ್ಬೆ ಬರ್ಸ್ಕಂಡು ಹೊಸೆದದ್ದನ್ನ ಹಿಂಗೆ ಬಿಚ್ಚಾಕ್ತಾ ಇದ್ದೀರ?”

ಶಿಲ್ಪ ನಕ್ಕಳು. “ಬಿಚ್ಚೋದಕ್ಕೇ ಅಮ್ಮ, ಹೊಸೆಸೋದು. ಮುಟ್ಟಿ ನೋಡಿ.”

ಬೋರಮ್ಮ ಮುಟ್ಟಿದಳು. ಶೆಡ್ಡಿನಲ್ಲಿ ಕೈಗೆ ಬಂದಾಗ ಕಡ್ಡಿಯಂತೆ ನೆಟ್ಟಗಿದ್ದ ನಾರು ಈಗ ಗುಂಗುರು ಕೂದಲಿನಂತೆ ಸುರುಳಿ ಸುರುಳಿಯಾಗಿತ್ತು. ಹುರಿಯಲ್ಲಿ ಬಿಗಿದುಕೊಂಡಿದ್ದ ದಿನಗಳನ್ನು ಅದು ಮರೆತಿರಲಿಲ್ಲ. ಆ ಗುಂಗುರು ನಾರು ಒಂದು ಅಗಲವಾದ ಪಟ್ಟಿಯ ಮೇಲೆ ಹರಡಿಕೊಂಡು ನಿಧಾನಕ್ಕೆ ಮುಂದೆ ಸಾಗಿತು. ಮೇಲಿನಿಂದ ಸಣ್ಣ ಸಣ್ಣ ಕೊಳವೆಗಳು ಅದರ ಮೇಲೆ ಬೆಳ್ಳಗಿನದೇನನ್ನೋ ಹನಿಯಾಗಿ ಚಿಮ್ಮಿದವು. ಎಳೆಗೆ ಎಳೆ ಅಂಟಿಕೊಂಡು, ಬಿಸಿ ಗೂಡಿನಲ್ಲಿ ಬೆಂದು, ಆ ಕಡೆ ಹೊರಬಂದಾಗ ಅದು ಹಾಸಿಗೆಯಾಗಿತ್ತು. ಶಿಲ್ಪ ಕೂರಲು ಹೇಳಿದಳು. ಬೋರಮ್ಮ ಅನುಮಾನದಿಂದಲೇ ಕುಳಿತಳು. ಹಾಸಿಗೆ ತಗ್ಗಿತು. ಎದ್ದಳು, ಅದೂ ಅವಳ ಜೊತೆಗೇ ಎದ್ದು ಮೊದಲಿನಂತಾಯಿತು. ಇನ್ನೊಮ್ಮೆ ಕುಳಿತಳು. ಇನ್ನೊಮ್ಮೆ ಎದ್ದಳು. ರೇಣುಕಪ್ರಸಾದ್ ಗಡಿಯಾರ ನೋಡಿಕೊಳ್ಳುತ್ತಿದ್ದ. ಅವಳಿಗೆ ಅದರ ಪರಿವೆಯೇ ಇರಲಿಲ್ಲ.

“ಮೇಲಿಂದ ಬಿದ್ದ ಆ ಬೆಳ್ಳಗಿಂದು ಏನು ಮೇಡಂ?”

“ಅದೇ ರಬ್ಬರ್. ಮರದ ಹಾಲು.”

“ಮರದ ಹಾಲಾ? ರಬ್ಬರು ಪೆಟ್ರೋಲಿಂದ ಆಗೋದಲ್ವಾ?”

“ಅದೂ ಇದೆ ಅಮ್ಮ. ಪೆಟ್ರೋಲ್ ಬರೋ ಅದೇ ಎಣ್ಣೆಯಿಂದ ಮಾಡೋ ರಬ್ಬರ್ ಬೇರೆ, ಮರ ಕೊಡೋದು ಬೇರೆ. ಒಂದು ದುಬಾರಿ ಆದರೆ ಎಲ್ಲರೂ ಇನ್ನೊಂದರ ಕಡೆ ಓಡ್ತಾರೆ. ಆದರೆ ಎಲ್ಲ ಕೆಲಸಕ್ಕೂ ಬದಲಿ ಇಲ್ಲ. ವಿಮಾನದ ಟೈರಿಗೆ ಮರದ್ದೇ ಆಗಬೇಕು.”

ಶಿಲ್ಪ ಒಂದು ಡ್ರಮ್ಮಿನ ಮುಚ್ಚಳ ತೆಗೆದಳು. ಅಮೋನಿಯಾದ ಘಾಟಿಗೆ ಬೋರಮ್ಮನ ಕಣ್ಣಲ್ಲಿ ನೀರು ಬಂತು. ಒಳಗೆ ಎಮ್ಮೆಯ ಹಾಲಿನಂಥ ಗಟ್ಟಿ ಹಾಲು. ಒಂದು ಹನಿಯನ್ನು ಅಂಗೈ ಮೇಲೆ ಹಾಕಿಸಿಕೊಂಡಳು. ಅದು ನೋಡ ನೋಡುತ್ತ ಆರಿತು; ಅಂಚು ಹಿಡಿದು ಎತ್ತಿದರೆ ಚರ್ಮದ ಪೊರೆಯಂತೆ ಎದ್ದು, ಎಳೆದರೆ ಎಳೆದಷ್ಟೂ ಬಂದು, ಬಿಟ್ಟರೆ ಚಟ್ಟನೆ ಹಿಂದಕ್ಕೆ ಹೋಯಿತು.

ಹೋದ ವರ್ಷ ಕಿಲೋಗೆ ನೂರೈವತ್ತರ ಆಸುಪಾಸಿದ್ದ ರಬ್ಬರು ಈಗ ಇನ್ನೂರು ದಾಟಿದೆ, ಹಾಲಿನ ದರವೂ ಅದರ ಹಿಂದೆಯೇ ಏರಿದೆ ಎಂದು ಶಿಲ್ಪ ವಿವರಿಸಿದಳು. ಪ್ರಪಂಚದ ರಬ್ಬರಿನಲ್ಲಿ ಮುಕ್ಕಾಲು ಪಾಲು ಹತ್ತಿರ ಗಾಡಿಗಳ ಟೈರಿಗೇ ಹೋಗುತ್ತದೆ. ಹಾಸಿಗೆಯವರು ಕೊಳ್ಳುವುದು ಚೂರು. ಥಾಯ್ಲೆಂಡಿನಲ್ಲಿ ಮೊದಲು ಬಿಸಿಲು ಮಿತಿಮೀರಿ, ಆಮೇಲೆ ಮಳೆ ಹಿಡಿದು ಹಾಲು ಕಡಿಮೆಯಾಗಿದೆ. ಬರಬೇಕಾದದ್ದಕ್ಕೂ ಹಡಗು ಸಿಕ್ಕುತ್ತಿಲ್ಲ. ಕೇರಳದಲ್ಲಿ ಮಳೆ. ಟೈರಿನವರು ದೊಡ್ಡ ಕೊಳ್ಳುವವರು, ಎಷ್ಟಾದರೂ ಕೊಟ್ಟು ಎತ್ತುತ್ತಾರೆ. ಇವರು ಅಷ್ಟು ಕೊಟ್ಟು ಹಾಸಿಗೆ ಮಾಡಿದರೆ ಕೊಳ್ಳುವವರಿಲ್ಲ. ಅದಕ್ಕೇ ಸದ್ಯಕ್ಕೆ ಫೋಮ್ ಹಾಸಿಗೆ.

“ಹಂಗಾರೆ, ಚೀನಾದಾಗೆ ಯಾರೋ ಹೊಸ ಕಾರ್ ತಗಂಡ್ರೆ ನಮ್ ಹುಚ್ಚಕ್ಕಂಗೆ ಕೆಲ್ಸ ಇಲ್ಲ,” ಎಂದಳು ಬೋರಮ್ಮ.

ಶಿಲ್ಪ ಏನೋ ತಿದ್ದಲು ಹೋಗಿ, ಯೋಚಿಸಿ, “ಹೌದಮ್ಮ, ಹೆಚ್ಚುಕಮ್ಮಿ ಹಾಗೇ,” ಎಂದಳು.

ಹುಚ್ಚಕ್ಕ ಶೆಡ್ಡಿನಲ್ಲಿ ಎಲ್ಲರಿಗಿಂತ ಹಿರಿಯಳು, ಬಾಯಿಯೂ ದೊಡ್ಡದು. ಫ್ಯಾಕ್ಟರಿಯ ಕಥೆಯನ್ನೆಲ್ಲ ಎಲೆಯಡಿಕೆ ಜಗಿಯುತ್ತ ಕೇಳಿದಳು. “ಮೆಷಿನ್ ಮಾರ್ಬುಡು ಕಣೇ ಬೋರಿ,” ಎಂದಳು. “ಕಾಯಿ ರೇಟು ಏರ್ತಾ ಐತೆ. ಸುಲಿಯೋ ಕಳದಾಗೆ ಕೂಲಿ ಸಿಕ್ತದೆ. ಕಾಣದ್ ಮರ ನಂಬ್ಕಂಡು ಕುಂತ್ರೆ ಹೊಟ್ಟೆ ತುಂಬ್ತದಾ?”

ಆ ಮಾತಿನಲ್ಲಿ ಬೋರಮ್ಮನಿಗೆ ನಾಟಿದ್ದು ‘ಕಾಣದ ಮರ’ ಎಂಬುದೊಂದೇ. ಐದು ವರ್ಷ ಅನ್ನ ಹಾಕಿದ ಮರವನ್ನು ತಾನು ಒಮ್ಮೆಯೂ ಕಂಡಿಲ್ಲ. ಶಿಲ್ಪಾಳಿಗೆ ಫೋನ್ ಮಾಡಿದಳು. ಸುಳ್ಯದ ಕಡೆ ರಬ್ಬರ್ ತೋಟವೊಂದರಲ್ಲಿ ಶಿಲ್ಪಾಳ ಪರಿಚಯದ ಮೇಲ್ವಿಚಾರಕರಿದ್ದರು. ಅವರಿಗೆ ಹೇಳುತ್ತೇನೆ ಎಂದಳು. ದುರ್ಗಯ್ಯನಿಗೆ ಸುಬ್ರಹ್ಮಣ್ಯಕ್ಕೆ ಹರಕೆಯೊಂದು ಬಾಕಿ ಇತ್ತು. ಅದೂ ಆಯಿತು ಇದೂ ಆಯಿತು ಎಂದು ಗಂಡ ಹೆಂಡತಿ ಹಾಸನದ ಮೇಲೆ ಬಸ್ಸಿನಲ್ಲಿ ಘಟ್ಟ ಇಳಿದರು.

ದೇವರ ದರ್ಶನ ಮುಗಿಸಿ ತೋಟ ಮುಟ್ಟಿದಾಗ ಮಧ್ಯಾಹ್ನ. ಮಳೆ ಸುರಿಯುತ್ತಲೇ ಇತ್ತು. ಮೇಲ್ವಿಚಾರಕರು ಅವರನ್ನು ಯೋಗೇಶ್ವರಿ ಎಂಬ ಕೆಲಸಗಾರ್ತಿಯ ಮನೆಗೆ ಕಳಿಸಿದರು. ಯೋಗೇಶ್ವರಿಯ ತಂದೆ ತಾಯಿ ಶ್ರೀಲಂಕಾದಿಂದ ಬಂದು ಆ ತೋಟದಲ್ಲಿ ನೆಲೆಸಿದ ತಮಿಳರು. ಅವಳು ಹುಟ್ಟಿದ್ದು ಅಲ್ಲೇ. ಹದಿನೆಂಟನೇ ವಯಸ್ಸಿನಿಂದ ಮರ ಗೀರಿ ಹಾಲು ತೆಗೆಯುತ್ತಿದ್ದಳು. ಈಗ ನಲವತ್ತಾರು.

“ನಾಲ್ಕು ದಿನ ಆಯ್ತು ಅಮ್ಮ, ಕತ್ತಿ ಮುಟ್ಟದೆ,” ಎಂದಳು. “ಮಳೆ ಬಂದರೆ ಟ್ಯಾಪಿಂಗ್ ಇಲ್ಲ. ಗೀರಿದ ಗಾಯಕ್ಕೆ ನೀರು ಇಳಿದರೆ ಹಾಲು ಎಲ್ಲ ತೊಳೆದು ಹೋಗ್ತದೆ, ಮರಕ್ಕೂ ರೋಗ. ನೀವು ಇಷ್ಟು ದೂರದಿಂದ ಬಂದಿದ್ದೀರಿ. ಇವತ್ತು ಇಲ್ಲೇ ಉಳಿಯಿರಿ. ಬೆಳಿಗ್ಗೆ ಬಿಟ್ಟರೆ ತೋರಿಸ್ತೇನೆ.”

ಬೆಳಿಗ್ಗೆ ಬಿಟ್ಟಿತು. ಬೆಳಕು ಹರಿಯುವ ಹೊತ್ತಿಗೆ ಮೂವರೂ ಇಳಿಜಾರಿನಲ್ಲಿದ್ದರು. ಸಾಲು ಸಾಲು ಮರ, ಒಂದೊಂದರ ಸೊಂಟಕ್ಕೂ ಪ್ಲಾಸ್ಟಿಕ್ಕಿನ ಲಂಗ ಕಟ್ಟಿದ ಹಾಗಿತ್ತು; ಸಣ್ಣ ಮಳೆಯ ನೀರು ಗಾಯಕ್ಕೆ ಇಳಿಯದಿರಲೆಂದು, ಜೋರು ಮಳೆಗೆ ಅದೂ ಸಾಲದು. ಯೋಗೇಶ್ವರಿ ಒಂದರ ಲಂಗ ಎತ್ತಿದಳು. ತೊಗಟೆಯ ಮೇಲೆ ಓರೆಯಾಗಿ ಒಂದು ಗೆರೆ. ಅದರಲ್ಲಿ ಒಣಗಿದ್ದ ಹಾಲಿನ ಎಳೆಯನ್ನು ದಾರದಂತೆ ಎಳೆದು ಬುಟ್ಟಿಗೆ ಹಾಕಿದಳು. ಆಮೇಲೆ ಬಾಗಿದ ಮೂತಿಯ ಕತ್ತಿಯನ್ನು ಗೆರೆಯಲ್ಲಿಟ್ಟು, ಉಸಿರು ಹಿಡಿದು, ಎಡದಿಂದ ಬಲಕ್ಕೆ ಇಳಿಸಿದಳು. ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ತೊಗಟೆಯ ಎಳೆಯೊಂದು ಸುರುಳಿ ಬಿಚ್ಚಿಕೊಂಡು ಕೆಳಗೆ ಬಿತ್ತು.

ಒಂದು ಕ್ಷಣ ಏನೂ ಆಗಲಿಲ್ಲ. ಮತ್ತೆ ಆ ಗೆರೆಯ ಉದ್ದಕ್ಕೂ ಬಿಳಿ ಚುಕ್ಕಿಗಳು ಎದ್ದವು. ಒಂದನ್ನೊಂದು ಕೂಡಿದವು, ಗೆರೆ ತುಂಬಿತು, ಹಾಲು ಸದ್ದಿಲ್ಲದೆ ಇಳಿಯತೊಡಗಿತು. ಬೋರಮ್ಮ ತನಗರಿವಿಲ್ಲದೆ ಎರಡು ಕೈ ಜೋಡಿಸಿದಳು.

ಅಷ್ಟರಲ್ಲಿ ದುರ್ಗಯ್ಯ ಕೂಗಿದ. ಮಾತು ಕಡಿಮೆಯ ಮನುಷ್ಯ ಅವನು. ಊರು ಬಿಟ್ಟ ಮೇಲೆ ಹತ್ತು ಮಾತೂ ಆಡಿರಲಿಲ್ಲ.

“ಲೇ, ನೋಡೇ ಇಲ್ಲಿ! ಕರಟ ಕಣೇ!”

ನಿಜವಾಗಿತ್ತು. ಹಾಲು ಇಳಿದು ಬೀಳುತ್ತಿದ್ದದ್ದು ತೆಂಗಿನ ಕರಟದೊಳಕ್ಕೆ. ಹೊಸ ಮರಗಳಿಗೆಲ್ಲ ಪ್ಲಾಸ್ಟಿಕ್ ಬಟ್ಟಲು ಕಟ್ಟಿದ್ದರು, ಈ ಹಳೇ ಸಾಲಿಗೆ ಮಾತ್ರ ಇನ್ನೂ ಕರಟ. ತಂತಿಯ ಬಳೆಯಲ್ಲಿ ಕೂರಿಸಿದ, ಹೊಗೆ ಹಿಡಿದಂತೆ ಕಪ್ಪಾದ ಅರ್ಧ ಕರಟ. ಸಾವಿರಾರು ತೆಂಗಿನ ಮರ ಹತ್ತಿ ಇಳಿದ ದುರ್ಗಯ್ಯ ಅದನ್ನು ಮೊದಲ ಸಲ ಕಾಣುವವನಂತೆ ಬಗ್ಗಿ ನೋಡಿದ. ಈ ಮರದ ಹಾಲಿಗೆ ಆ ಮರದ ಚಿಪ್ಪು. ಮುಂದೆ ಇದೇ ಹಾಲು ಹೋಗಿ ಆ ಮರದ ನಾರನ್ನೇ ಹಿಡಿದು ನಿಲ್ಲಿಸುವುದು. ಬೋರಮ್ಮ ಇದನ್ನು ಬಾಯಿಬಿಟ್ಟು ಹೇಳಿದಳೋ ಮನಸ್ಸಿನಲ್ಲೇ ಅಂದುಕೊಂಡಳೋ ಅವಳಿಗೇ ನೆನಪಿಲ್ಲ.

“ಎಷ್ಟು ಆಳ ಕುಯ್ಯಬೇಕು ತಾಯಿ?” ಎಂದು ದುರ್ಗಯ್ಯ ಕೇಳಿದ.

“ಕೂದಲೆಳೆ ಜಾಸ್ತಿ ಹೋದರೆ ಮರಕ್ಕೆ ಗಾಯ, ಮುಂದೆ ಅಲ್ಲಿ ಗಂಟು. ಕಡಿಮೆ ಆದರೆ ಹಾಲಿಲ್ಲ. ಕಣ್ಣಿಗೆ ಕಾಣೂದಿಲ್ಲ, ಕೈಗೆ ಗೊತ್ತಾಗಬೇಕು. ಕಲೀಲಿಕ್ಕೆ ನನಗೆ ಎರಡು ವರ್ಷ ಬೇಕಾಯ್ತು.”

“ಈಗ ಇಷ್ಟು ರೇಟ್ ಐತಲ್ಲಮ್ಮ,” ಎಂದಳು ಬೋರಮ್ಮ. “ಇನ್ನೂ ಜಾಸ್ತಿ ಗಿಡ ಇಕ್ಕಿದ್ರೆ ಆಗಲ್ವಾ?”

ಯೋಗೇಶ್ವರಿ ಮುಂದಿನ ಮರಕ್ಕೆ ಹೋಗುತ್ತಲೇ ಉತ್ತರ ಕೊಟ್ಟಳು. “ಇಟ್ಟರು ಅಮ್ಮ. ಹದಿಮೂರು ವರ್ಷದ ಹಿಂದೆ ಹೀಗೇ ಇನ್ನೂರು ದಾಟಿತ್ತು. ಕಂಡ ಕಂಡ ಗುಡ್ಡಕ್ಕೆಲ್ಲ ರಬ್ಬರ್ ಇಟ್ಟರು. ಇಲ್ಲಿ ಮಾತ್ರ ಅಲ್ಲ, ಹೊರದೇಶದಲ್ಲಿಯೂ. ಆದರೆ ಇದು ಹಾಲು ಕೊಡಲಿಕ್ಕೆ ಏಳು ವರ್ಷ ಬೇಕು. ಎಲ್ಲರ ಮರ ಒಟ್ಟಿಗೆ ಹಾಲಿಗೆ ಬಂತು. ರೇಟು ಬಿದ್ದು ನೂರಕ್ಕೆ ನಿಂತಿತು. ಕೆಲವರು ಕಡಿದು ಸೌದೆಗೆ ಕೊಟ್ಟರು, ಕೆಲವರು ಹಾಗೇ ಬಿಟ್ಟರು. ಗೀರುವವರು ಬೇರೆ ಕೆಲಸಕ್ಕೆ ಹೋದರು. ನನ್ನ ಮಗಳೇ ಕತ್ತಿ ಹಿಡೀಲಿಲ್ಲ, ನರ್ಸ್ ಆಗಿದ್ದಾಳೆ. ಈಗ ರೇಟು ಉಂಟು. ಮರ ಎಲ್ಲಿಂದ ತರುದು, ಗೀರುವ ಕೈ ಎಲ್ಲಿಂದ ತರುದು? ಇದ್ದದ್ದಕ್ಕೂ ಮಳೆ ಬಿಡಬೇಕಲ್ಲ.”

ಹತ್ತು ಮರ ಮುಗಿಯುವಷ್ಟರಲ್ಲಿ ಮತ್ತೆ ಜೋರು ಮಳೆ ಹಿಡಿಯಿತು. ಯೋಗೇಶ್ವರಿ ಕತ್ತಿ ಒರೆಸಿ ಒಳಗಿಟ್ಟಳು. ಆ ಹೊತ್ತಿಗೆ ಇಂಥ ಎಷ್ಟು ಇಳಿಜಾರುಗಳಲ್ಲಿ, ಎಷ್ಟು ದೇಶಗಳಲ್ಲಿ, ಎಷ್ಟು ಹೆಂಗಸರು ಆಕಾಶ ನೋಡಿ ಕತ್ತಿ ಒರೆಸಿಕೊಂಡರೋ ಎಂದು ಬೋರಮ್ಮ ಅಂದುಕೊಂಡಳು.

ವಾಪಸ್ಸು ಬರುವಾಗ ಬಸ್ಸು ಘಟ್ಟ ಹತ್ತಿ ಸಕಲೇಶಪುರ ದಾಟಿತು. ಹಾಸನ ಹತ್ತಿರವಾದಾಗ ದುರ್ಗಯ್ಯ ಕಿಟಕಿಯಾಚೆ ನೋಡುತ್ತ ಹೇಳಿದ: “ಏಳೆಂಟು ವರ್ಷದ್ ಹಿಂದೆ ಯಾರೋ ಗಿಡ ಇಕ್ಲಿಲ್ಲ ಕಣೇ. ಅದ್ಕೆ ಇವತ್ತು ನಿನ್ ಮೆಷಿನ್ ನಿಂತೈತೆ.”

“ಮರ ಇಲ್ದೇ ಇರೋದು ಒಂದು. ಮಳೆ ಇನ್ನೊಂದು,” ಎಂದಳು ಬೋರಮ್ಮ. ಅವಳ ತಲೆ ಬಿಡದೆ ಓಡುತ್ತಿತ್ತು. “ಗಿಡ ಬೆಳೆಯಾಕೆ ಏಳು ವರ್ಷ ಬೇಕು, ಸರಿ. ಮಳೆ ನಿಲ್ಲಾಕೆ ಏಳು ವರ್ಷ ಬ್ಯಾಡವಲ್ಲ. ಮಳೆ ಹಿಂದಾದ್ರೆ ಎಲ್ಲಾರೂ ಒಂದೇ ಸಲ ಕತ್ತಿ ಹಿಡೀತಾರೆ. ನಿಂತಿರೋ ಹಡಗೂ ಬತ್ತವೆ. ಆಗ ರೇಟು ಇಳೀಲೇಬೇಕು. ಇಳಿದ್ರೆ ಹಾಸಿಗೆಯೋರು ನಾರು ಕೇಳ್ತಾರೆ. ಆಗ ಯಾರ ಹತ್ರ ಹಗ್ಗ ಇರ್ತದೆ?”

ಊರಿಗೆ ಬಂದವಳೇ ನೇರ ಹೋದದ್ದು ಶಂಭುಲಿಂಗಯ್ಯನವರ ನಾರಿನ ಮಿಲ್ಲಿಗೆ. ಅವರು ಅವಳಿಗೆ ಮೊದಲಿನಿಂದ ನಾರು ಕೊಡುತ್ತಿದ್ದವರು. ಮಿಲ್ಲಿನ ಅಂಗಳದಲ್ಲಿ ನಾರು ಬಣವೆಯಂತೆ ಬಿದ್ದಿತ್ತು, ಕೊಳ್ಳುವವರಿರಲಿಲ್ಲ.

“ಯಜಮಾನ್ರೇ, ನಿಮ್ ನಾರು ಮಳೇಲಿ ನೆನೀತಾ ಐತೆ. ನನ್ ಶೆಡ್ಡಿಗೆ ಹಾಕ್ಸಿ, ಹಗ್ಗ ಹೊಸೆದು ಇಡ್ತೀನಿ. ಮಾರಿ ಹೋದಾಗ ದುಡ್ಡು ಇಬ್ರೂ ಸಮ ಹಂಚ್ಕಳಣ.”

“ಹೋಗ್ದಿದ್ರೆ?”

“ಹೋಗ್ದಿದ್ರೆ ನಿಮ್ದು ಹಗ್ಗವಾಗಿ ಕೊಳೀತದೆ, ನಂಗೆ ಕೊಡ್ದಿದ್ರೆ ನಾರಾಗೇ ಕೊಳೀತದೆ.”

ಶಂಭುಲಿಂಗಯ್ಯನವರು ನಕ್ಕುಬಿಟ್ಟರು. ನಾರು ಬಂತು.

ಐವರಲ್ಲಿ ಮೂವರು ಅಷ್ಟರಲ್ಲಿ ಕಾಯಿ ಸುಲಿಯುವ ಕಳಕ್ಕೆ ಹೊರಟುಹೋಗಿದ್ದರು. ಉಳಿದವರು, ಎಲ್ಲರಿಗಿಂತ ಮೊದಲು ಹೋಗಬೇಕು ಎಂದಿದ್ದ ಹುಚ್ಚಕ್ಕ, ಮತ್ತು ಬೋರಮ್ಮನ ಸೊಸೆ ಸುಷ್ಮಿತಾ. ದಿನಾ ಬೆಳಿಗ್ಗೆ ಸುಷ್ಮಿತಾ ಮೊಬೈಲಿನಲ್ಲಿ ಕೇರಳದ ಕೊಟ್ಟಾಯಂ ರಬ್ಬರ್ ಮಾರುಕಟ್ಟೆಯ ದರ ನೋಡಿ ಕೂಗಿ ಹೇಳುವಳು. ಊರೆಲ್ಲ ತಿಪಟೂರಿನ ಕೊಬ್ಬರಿ ಹರಾಜಿನ ದರ ಕೇಳುವ ಹೊತ್ತಿನಲ್ಲಿ ಈ ಮನೆಯಿಂದ ಮಾತ್ರ ರಬ್ಬರಿನ ದರ ಕೇಳಿಸುತ್ತಿತ್ತು. ನೀರಿಗೆ ಬಂದ ಹೆಂಗಸರು ನಗುತ್ತಿದ್ದರು. ರಬ್ಬರ್ ಬೋರಮ್ಮ ಎಂಬ ಹೆಸರು ಹುಟ್ಟಿದ್ದು ಆ ನಗುವಿನಲ್ಲಿ.

ಬೋರಮ್ಮನ ಲೆಕ್ಕಾಚಾರಕ್ಕೆ ದರ ಕಿವಿಗೊಡಲಿಲ್ಲ. ಶ್ರಾವಣದಲ್ಲಿ ಇನ್ನೂರ ಮೂವತ್ತಾಯಿತು, ಇನ್ನೂರ ನಲವತ್ತು ದಾಟಿತು. ಸುಷ್ಮಿತಾ ಒಂದು ಬೆಳಿಗ್ಗೆ ಅಂಕಿ ಓದಿ, ತಪ್ಪಿರಬಹುದೆಂದು ಮತ್ತೊಮ್ಮೆ ಓದಿದಳು. ಇಷ್ಟು ಮೇಲೆ ಹಿಂದೆಂದೂ ಹೋಗಿರಲಿಲ್ಲವಂತೆ. ಅಂದು ಬೋರಮ್ಮನಿಗೆ ಮೊದಲ ಸಲ ಭಯವಾಯಿತು. ಶೆಡ್ಡು ತುಂಬಿತ್ತು. ಹಗ್ಗದ ಸುರುಳಿಗಳು ಹಜಾರಕ್ಕೆ ಬಂದು, ನಡುಮನೆಗೆ ಬಂದು, ಮಂಚದ ಕೆಳಗೂ ಸೇರಿದ್ದವು.

ಯೋಗೇಶ್ವರಿಗೆ ಫೋನ್ ಮಾಡಿದಳು. “ಮಳೆ ಹೆಂಗೈತಮ್ಮ?”

“ಇನ್ನೂ ಉಂಟು. ಆದರೆ ಈಗ ಎಲ್ಲರೂ ಮರಕ್ಕೆ ಪ್ಲಾಸ್ಟಿಕ್ ಕಟ್ಟಲಿಕ್ಕೆ ಓಡಾಡ್ತಾ ಇದ್ದಾರೆ. ಐದು ವರ್ಷದಿಂದ ಮುಟ್ಟದ ತೋಟದವರೂ ನನ್ನನ್ನು ಕರೀತಿದ್ದಾರೆ.”

ಬೋರಮ್ಮನಿಗೆ ಜೀವ ಬಂದಂತಾಯಿತು. ದರ ಏರಿದ್ದೇ ಆ ಬಿಟ್ಟ ಮರಗಳನ್ನು ಮತ್ತೆ ಎಬ್ಬಿಸುತ್ತಿದೆ. ಏರಿದ ದರದ ಹೊಟ್ಟೆಯಲ್ಲೇ ಅದರ ಇಳಿತವೂ ಬೆಳೆಯುತ್ತಿದೆ. ಯಾರೂ ಯಾರಿಗೂ ಅಪ್ಪಣೆ ಕೊಟ್ಟಿಲ್ಲ, ಆದರೂ ಸಾವಿರ ಕೈಗಳು ಒಂದೇ ಕಡೆ ಚಾಚುತ್ತಿವೆ. ಇದನ್ನು ಹುಚ್ಚಕ್ಕನಿಗೆ ಹೇಳಲು ಹೋದಳು. ಹುಚ್ಚಕ್ಕ, “ನಿಂಗೇನೋ ಹಿಡ್ಕಂಡೈತೆ ಕಣೇ,” ಎಂದಳು. ಆದರೆ ನಾರು ಕೊಡುತ್ತಿದ್ದ ಕೈ ನಿಲ್ಲಿಸಲಿಲ್ಲ.

ಆಯುಧಪೂಜೆಯ ಹೊತ್ತಿಗೆ ಲಾರಿ ಬರುತ್ತದೆ ಎಂದು ಬೋರಮ್ಮ ಎಲ್ಲರಿಗೂ ಹೇಳಿಕೊಂಡಿದ್ದಳು. ಆಯುಧಪೂಜೆ ಬಂತು, ಮೆಷಿನ್ನಿಗೆ ಹೂವು ಕುಂಕುಮ ಇಟ್ಟದ್ದಾಯಿತು, ಲಾರಿ ಬರಲಿಲ್ಲ. ಅವಳು ಗೇಲಿ ಮಾತು ಕೇಳಬೇಕಾಯಿತು. ಆದರೆ ದರ ಅಷ್ಟರಲ್ಲಿ ಜಾರತೊಡಗಿತ್ತು, ದಿನಕ್ಕೆ ಎರಡು ಮೂರು ರೂಪಾಯಿಯಂತೆ. ದೀಪಾವಳಿಯ ಹೊತ್ತಿಗೆ ನೂರ ಎಂಬತ್ತರ ಹತ್ತಿರ ಬಂದಿತ್ತು. ಹಬ್ಬ ಕಳೆದ ವಾರ ರೇಣುಕಪ್ರಸಾದ್ ಫೋನ್ ಮಾಡಿದ.

“ಬೋರಮ್ಮ, ಅರ್ಜೆಂಟಾಗಿ ಹಗ್ಗ ಬೇಕು ಕಣಮ್ಮ. ಯಾರತ್ರನೂ ಇಲ್ಲ. ಹಂದನಕೆರೆಯೋರು ಮೆಷಿನ್ನೇ ಮಾರ್ಕಂಡವ್ರೆ. ಎಷ್ಟು ಕೊಡ್ತೀಯ?”

“ಎಷ್ಟು ಲಾರಿ ತತ್ತೀಯಣ್ಣ?” ಎಂದಳು ಬೋರಮ್ಮ.

ಲಾರಿ ಬಂದಾಗ ಹೊರಗೆ ಜಾತ್ರೆಯಂತೆ ಜನ ಸೇರಿದ್ದರು. ಅವಳ ಲೆಕ್ಕ ಪೂರ್ತಿ ಸರಿಯಾಯಿತು ಎಂದೇನಲ್ಲ. ಫ್ಯಾಕ್ಟರಿಯವರು ಇದ್ದದ್ದರಲ್ಲಿ ಅರ್ಧವನ್ನಷ್ಟೇ ತೆಗೆದುಕೊಂಡರು. ನಾಲ್ಕು ತಿಂಗಳು ಫೋಮ್ ಹಾಸಿಗೆ ಕೊಂಡು ರೂಢಿಯಾದ ಅಂಗಡಿಗಳು ಕೆಲವು ನಾರಿನ ಹಾಸಿಗೆಗೆ ತಿರುಗಿ ಬರಲೇ ಇಲ್ಲ. ದರ ಇಳಿದರೆ ಎಲ್ಲ ಮೊದಲಿನಂತಾಗುತ್ತದೆ ಎಂದು ನಂಬಿದ್ದಳು ಬೋರಮ್ಮ. ಹೋದ ಗಿರಾಕಿ ದರದ ಹಿಂದೆಯೇ ಓಡಿ ಬರುವುದಿಲ್ಲ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಉಳಿದ ಹಗ್ಗ ಮಾಗಿಯುದ್ದಕ್ಕೂ ಸ್ವಲ್ಪ ಸ್ವಲ್ಪವೇ ಹೋಯಿತು. ಶಂಭುಲಿಂಗಯ್ಯನವರು ಗೊಣಗಲಿಲ್ಲ. ಹೋಗಿದ್ದ ಮೂವರಲ್ಲಿ ಇಬ್ಬರು ವಾಪಸ್ಸು ಬಂದರು.

ಲಾರಿ ಹೋದ ಹತ್ತು ದಿನಕ್ಕೆ ಶಿಲ್ಪ ಫೋನ್ ಮಾಡಿದಳು. “ಅಮ್ಮ, ಈ ಸಲದ ನಾರಿಗೆ ಏನು ಮಾಡಿದ್ರಿ? ಒತ್ತಿದರೆ ಎಷ್ಟು ಚೆನ್ನಾಗಿ ಮೇಲೇಳ್ತಿದೆ!”

“ಏನೂ ಮಾಡ್ಲಿಲ್ಲ ಮೇಡಂ. ಮೂರ್ ನಾಲ್ಕು ತಿಂಗಳು ಹುರಿಯಾಗೇ ಇತ್ತು, ಅಷ್ಟೆಯ.”

“ಅದೇ ಇರಬೇಕು. ಸುರುಳಿ ಚೆನ್ನಾಗಿ ಕೂತಿದೆ. ಇನ್ನು ಮೇಲೆ ಎರಡು ತಿಂಗಳಾದರೂ ಇಟ್ಟೇ ಕಳಿಸಿ. ಕಾದಿದ್ದಕ್ಕೆ ಬೇರೆ ದರ ಮಾತಾಡ್ತೀನಿ.”

ಬೋರಮ್ಮ ಫೋನ್ ಇಟ್ಟು, ಹುಚ್ಚಕ್ಕನಿಗೆ ಹೇಳಿದಳು. ಹುಚ್ಚಕ್ಕ ಒಂದು ಹಗ್ಗದ ತುದಿ ಬಿಚ್ಚಿ, ಗುಂಗುರು ನಾರನ್ನು ಬೆರಳಿಗೆ ಸುತ್ತಿಕೊಂಡು ಬಹಳ ಹೊತ್ತು ನೋಡಿದಳು.

ಅಂದಿನಿಂದ ಆ ಹೆಸರಿನಲ್ಲಿದ್ದ ನಗು ಹೋಯಿತು. ಟ್ರ್ಯಾಕ್ಟರಿನವರು ಟೈರು ಈಗ ಹಾಕಿಸಲೋ ಎರಡು ತಿಂಗಳು ತಡೆಯಲೋ ಎಂದು ಅವಳನ್ನು ಕೇಳಿ ಹೋಗುತ್ತಾರೆ. ಅವಳು ಗೊತ್ತಿದ್ದರೆ ಹೇಳುತ್ತಾಳೆ. “ಮಳೆ ಗೊತ್ತಾಯ್ತದೆ ಕಣಪ್ಪ, ಮರ ಗೊತ್ತಾಯ್ತದೆ. ದೊಡ್ಡ ದೇಶದಾಗೆ ಕೊಳ್ಳೋರ ಮನ್ಸು ಹೆಂಗೆ ಗೊತ್ತಾಗ್ಬೇಕು?” ಎಂದು ಕಳಿಸುವುದೂ ಉಂಟು.

ಮಾರನೇ ವರ್ಷ ಮಾರ್ಚಿನಲ್ಲಿ, ರಬ್ಬರ್ ಮರಗಳು ಎಲೆ ಉದುರಿಸಿ ಕತ್ತಿಗೆ ರಜೆ ಕೊಡುವ ದಿನಗಳಲ್ಲಿ, ಯೋಗೇಶ್ವರಿ ಹೊನ್ನವಳ್ಳಿಗೆ ಬಂದಳು. ಬೋರಮ್ಮ ಅವಳನ್ನು ಶೆಡ್ಡಿಗೆ, ಮಿಲ್ಲಿಗೆ ಕರೆದೊಯ್ದು, ಕೊನೆಗೆ ಶಂಭುಲಿಂಗಯ್ಯನವರ ಮನೆಯ ಅಟ್ಟಕ್ಕೆ ಹತ್ತಿಸಿದಳು. ಅಟ್ಟದ ಮಬ್ಬು ಬೆಳಕಿನಲ್ಲಿ ಸಿಪ್ಪೆ ಸುಲಿಯದ ಸಾವಿರಾರು ತೆಂಗಿನಕಾಯಿ, ಮಾಳಿಗೆಗೆ ತಾಗುವಷ್ಟು ಎತ್ತರಕ್ಕೆ.

“ಇವು ಯಾಕೆ ಹೀಗೆ ಮಲಗಿವೆ?”

“ಕೊಬ್ಬರಿ ಆಗಾಕೆ. ಹತ್ತು ಹನ್ನೊಂದು ತಿಂಗಳು. ಯಾರೂ ಒಡೆಯಂಗಿಲ್ಲ, ಒಣಗಿಸಂಗಿಲ್ಲ. ಒಳಗಿನ ನೀರು ತಾನೇ ಇಂಗ್ಬೇಕು. ಅಲ್ಲಾಡ್ಸಿ ನೋಡಿ.”

ಯೋಗೇಶ್ವರಿ ಒಂದನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗೆ ಇಡೀ ಕೊಬ್ಬರಿಯುಂಡೆ ಚಿಪ್ಪಿನಿಂದ ಬಿಡಿಸಿಕೊಂಡು ಗಡಗಡ ಉರುಳಿತು. ಅವಳ ಕಣ್ಣು ಅರಳಿತು. ಇನ್ನೊಂದನ್ನು ಎತ್ತಿದಳು, ಅದರಲ್ಲಿ ಇನ್ನೂ ನೀರಿನ ಸದ್ದಿತ್ತು. ಮತ್ತೊಂದು. ಮತ್ತೊಂದು. ಕೆಳಗಿನಿಂದ ಊಟಕ್ಕೆ ಕರೆಯುತ್ತಿದ್ದರು. ಇಪ್ಪತ್ತೆಂಟು ವರ್ಷ ಮರದ ತೊಗಟೆಯನ್ನು ಕೈಯಲ್ಲೇ ಅರಿತ ಆ ಹೆಂಗಸು ಅಟ್ಟದ ಮೇಲೆ ಮಂಡಿಯೂರಿ ಕುಳಿತು ಒಂದೊಂದೇ ಕಾಯನ್ನು ಅಲ್ಲಾಡಿಸಿ ಕೇಳುತ್ತಲೇ ಇದ್ದಳು. ಬೋರಮ್ಮ ಏಣಿಯ ತಲೆ ಹಿಡಿದು, ಅವಸರ ಮಾಡದೆ, ಅವಳನ್ನೇ ನೋಡುತ್ತ ನಿಂತಳು.